ಬ್ಲೇಡ್ ಪೂರ್ತಿ ನಿಲ್ಲೋ ತನಕ ಕೈ ಹಾಕ್ಬೇಡಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗ್ಲಿ ಅಂತ ಅಲ್ಲಲ್ಲಿ ವಾಕ್ಯ ತಿದ್ದಿದೆ. ಮಾತಿನ ಧಾಟಿ ಹಾಗೇ ಬಿಟ್ಟಿದೆ.)

ಇಯರ್‌ಫೋನ್ ಹಾಕ್ಕೊಂಡಿದ್ರೆ ವಾಲ್ಯೂಮ್ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ. ಈಗ ಒಂದು ಸೌಂಡ್ ಕೇಳಿಸ್ತೀನಿ.

(ಮಶೀನ್ ಶುರುವಾಗುವ ಸದ್ದು. ಮರ ಕೊಯ್ಯುವ ಸದ್ದು. ಸ್ವಿಚ್ ಬಿಟ್ಟ ಮೇಲೆ ನಿಧಾನಕ್ಕೆ ಇಳಿಯುವ ಸದ್ದು.)

ಕೇಳಿಸ್ತಾ? ಇದ್ರಲ್ಲಿ ಮೂರು ಭಾಗ ಇದೆ. ಮೊದಲು ಮಶೀನ್ ಸ್ಪೀಡ್ ತಗೊಳ್ಳೋದು. ಆಮೇಲೆ ಮರ ಕೊಯ್ಯೋದು. ಕೊನೆಗೆ ಸ್ವಿಚ್ ಬಿಟ್ಟಾಗಿದೆ, ಕೆಲಸ ಮುಗಿದಿದೆ, ಆದ್ರೆ ಬ್ಲೇಡ್ ಇನ್ನೂ ಸುಮ್ನೆ ತಿರುಗ್ತಾ ಇರುತ್ತೆ. ಆ ಕೊನೇ ಭಾಗ ಕೆಲವು ಸೆಕೆಂಡು ಅಷ್ಟೇ. ನನ್ನ ಸೋದರಮಾವನ ಎಡಗೈ ಉಂಗುರದ ಬೆರಳಿನ ತುದಿ ಹೋಗಿದ್ದು ಆ ಕೆಲವು ಸೆಕೆಂಡಲ್ಲಿ.

ಇವತ್ತಿನ ಸಂಚಿಕೆ ಮೈಟರ್ ಸಾ ಬಗ್ಗೆ. ಹೆಸರು ಗೊತ್ತಿಲ್ಲದೇ ಇರಬಹುದು, ಮಶೀನ್ ಅಂತೂ ನೋಡೇ ಇರ್ತೀರ. ಅಲ್ಯೂಮಿನಿಯಂ ಸೆಕ್ಷನ್ ಅಂಗಡಿ ಮುಂದೆ, ಹೊಸ ಮನೆ ಕಟ್ಟೋ ಜಾಗದಲ್ಲಿ, ಒಂದು ಸಣ್ಣ ಟೇಬಲ್ ಮೇಲೆ ದುಂಡನೆ ಬ್ಲೇಡ್ ಇರೋ ಮಶೀನು, ಹಿಡಿ ಹಿಡ್ಕೊಂಡು ಮೇಲಿಂದ ಕೆಳಗೆ ಒತ್ತುತಾರಲ್ಲ, ಅದೇ. ನಮ್ಮ ಕಡೆ ಬಹಳ ಜನ ಬರೀ 'ಕಟಿಂಗ್ ಮಶೀನ್' ಅಂತಾರೆ. ಫೋಟೋ ಫ್ರೇಮಿನ ಮೂಲೆ ನೋಡಿ, ಎರಡು ಪಟ್ಟಿ ಓರೆಯಾಗಿ ಸೇರಿರುತ್ತವೆ. ಆ 45 ಡಿಗ್ರಿಯ ಓರೆ ಕೊಯ್ತಕ್ಕೇ 'ಮೈಟರ್' ಅಂತ ಹೆಸರು. ಮುಂಚೆ ಆಚಾರ್ರು ಮರದ ಪೆಟ್ಟಿಗೆ ಥರದ್ದೊಂದು ಮಾಡಿ, ಅದಕ್ಕೆ ಓರೆ ಸೀಳು ಹೊಡ್ಕೊಂಡು, ಅದರೊಳಗೆ ಕೈಗರಗಸ ಆಡಿಸ್ತಿದ್ರು. ಹತ್ತು ನಿಮಿಷ ಹಿಡಿತಿದ್ದ ಕೆಲಸ ಈಗ ಹತ್ತು ಸೆಕೆಂಡಿಗೆ ಬಂದಿದೆ.

ನಾನು ಓದಿದ್ದು ಬಿ.ಕಾಂ. ಆಚಾರಿ ಕೆಲಸ ನಂಗೆ ಬರಲ್ಲ ಅಂತ ಮೊದಲೇ ಹೇಳಿಬಿಡ್ತೀನಿ. ಚನ್ನಗಿರಿಲಿ ಮಾವನ ಅಂಗಡಿ ಲೆಕ್ಕ ಬರೀತಿದ್ದೆ. ಲೆಕ್ಕ ಬರೆಯೋಕೆ ಹೋದವನು ಮರ ಹಿಡ್ಕೊಳ್ಳೋಕೆ, ಹೊಟ್ಟು ಗುಡಿಸೋಕೆ, ಆಮೇಲೆ ಮಶೀನ್ ಹಿಡಿಯೋಕೂ ನಿಂತೆ. ಮಾವ ಈಗ್ಲೂ ನನ್ನ ಕರೆಯೋದು "ಬಾರಪ್ಪಾ ಬಿ.ಕಾಂ" ಅಂತಾನೇ. ಈ ಸಂಚಿಕೆಗೆ ಅಂತ ಎರಡು ಭಾನುವಾರ ಬೈಕಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸುತ್ತಿದೆ. ನಾಲ್ಕೂ ದಾವಣಗೆರೆ ಜಿಲ್ಲೆದೇ ತಾಲ್ಲೂಕು. ಆದ್ರೆ ನಾಲ್ಕು ಕಡೆ ಈ ಮಶೀನಿಗೆ ಬೀಳೋ ಮಾಲು ಬೇರೆ, ಆಗೋ ತೊಂದರೆನೂ ಬೇರೆ.

ಮೊದಲು ಮಾವನ ಬೆರಳಿನ ವಿಷಯ ಹೇಳಿಬಿಡ್ತೀನಿ.

ದೇವರ ಮನೆ ಬಾಗಿಲಿಗೆ ಬೀಡಿಂಗ್ ಕೊಯ್ತಿದ್ರು. ತೇಗದ ಸಣ್ಣ ಪಟ್ಟಿ. ಗೃಹಪ್ರವೇಶ ಇನ್ನು ಎರಡೇ ದಿನ. ಮನೆಯವರು ಅರ್ಧ ಗಂಟೆಗೊಂದು ಫೋನ್ ಮಾಡ್ತಿದ್ರು. ಕೊನೇದಾಗಿ ಒಂದು ನಾಲ್ಕಿಂಚಿನ ತುಂಡು ಬೇಕಿತ್ತು. ಕೊಯ್ತ ಸರಿಯಾಗೇ ಆಯ್ತು. ಮಶೀನಿನ ತಲೆ ಮೇಲೆತ್ತಿದ್ರು, ಸ್ವಿಚ್ ಬಿಟ್ರು, ಆ ಕಡೆ ಫೋನ್ ರಿಂಗ್ ಆಯ್ತು. ಮುಖ ಫೋನ್ ಕಡೆ ಹೋಯ್ತು, ಎಡಗೈ ಅಭ್ಯಾಸಬಲದಿಂದ ತುಂಡು ತೆಗೆಯೋಕೆ ಹೋಯ್ತು. ಬ್ಲೇಡ್ ಇನ್ನೂ ತಿರುಗ್ತಿತ್ತು. ಬ್ಲೇಡಿನ ಕೆಳಗಿನ ಗಾರ್ಡ್ ಹೊಟ್ಟು ತುಂಬಿ ಸಿಕ್ಕಿ ಹಾಕ್ಕೊಳ್ತಿತ್ತು ಅಂತ ತಂತಿ ಕಟ್ಟಿ ಮೇಲೆತ್ತಿ ಇಟ್ಟಿದ್ವಿ. ಕಟ್ಟಿದ್ದು ಯಾರು? ನಾನೇ.

ಮೂವತ್ತು ವರ್ಷದ ಅನುಭವ ಇರೋ ಮನುಷ್ಯ. "ಗೊತ್ತಿಲ್ದೋರಿಗೆ ಆಗುತ್ತೆ, ಗೊತ್ತಿದ್ದೋರಿಗೆ ಏನಾಗಲ್ಲ" ಅಂತಾರಲ್ಲ, ಅದು ಸುಳ್ಳು. ಗೊತ್ತಿಲ್ದೋನು ಹೆದರಿಕೊಂಡು ದೂರ ನಿಲ್ತಾನೆ. ಕೈ ತಾನಾಗೇ ಮುಂದೆ ಹೋಗೋದು ಗೊತ್ತಿರೋನದ್ದು.

ಒಂದು ಸಣ್ಣ ಲೆಕ್ಕ ಮಾಡೋಣ, ಬಿ.ಕಾಂ ಲೆಕ್ಕ. ಸಾಮಾನ್ಯವಾಗಿ ಅಂಗಡಿಗಳಲ್ಲಿರೋದು 10 ಇಂಚಿನ ಬ್ಲೇಡ್, ಅಂದ್ರೆ 255 ಎಂಎಂ. ಒಂದು ಸುತ್ತಿನ ಅಳತೆ ಹೆಚ್ಚು ಕಡಿಮೆ 80 ಸೆಂಟಿಮೀಟರ್. ಮಶೀನ್ ಸ್ಪೀಡ್ ನಿಮಿಷಕ್ಕೆ 4,800 ಸುತ್ತು ಅಂತಿಟ್ಕೊಳ್ಳಿ, ಸೆಕೆಂಡಿಗೆ 80 ಸುತ್ತು. ಗುಣಿಸಿ ನೋಡಿದ್ರೆ ಹಲ್ಲಿನ ತುದಿ ಗಂಟೆಗೆ 230 ಕಿಲೋಮೀಟರ್ ವೇಗದಲ್ಲಿ ಓಡ್ತಿರುತ್ತೆ. ಸ್ವಿಚ್ ಬಿಟ್ಟ ಮೇಲೆ ಸ್ಪೀಡ್ ಅರ್ಧಕ್ಕಿಳಿದ್ರೂ ನೂರರ ಮೇಲಿದೆ. ಸ್ಪೀಡಲ್ಲಿ ತಿರುಗೋವಾಗ ಹಲ್ಲು ಕಣ್ಣಿಗೆ ಕಾಣಲ್ಲ, ಒಂದು ಹೊಳಪಿನ ತಟ್ಟೆ ಥರ ಕಾಣುತ್ತೆ, ಅಷ್ಟೇ.

ಹಾಗಾಗಿ ಮಾವನ ಅಂಗಡಿಲಿ ಈಗ ಒಂದು ಕ್ರಮ ಇದೆ. ತಲೆ ಮೇಲಿದ್ದಾಗಲೇ ಸ್ವಿಚ್ ಒತ್ತೋದು. ಪೂರ್ತಿ ಸ್ಪೀಡ್ ಬರೋ ತನಕ ಕಾಯೋದು. ಆಮೇಲೆ ನಿಧಾನಕ್ಕೆ ಇಳಿಸೋದು, ಬ್ಲೇಡಿನ ಪಾಡಿಗೆ ಬ್ಲೇಡ್ ಕೊಯ್ಲಿ ಅಂತ ಬಿಡೋದು. ಕೊಯ್ತ ಮುಗಿದ ಮೇಲೆ ತಲೆ ಎತ್ತಬಾರದು. ತಲೆ ಕೆಳಗೇ ಇರ್ಬೇಕು, ಸ್ವಿಚ್ ಬಿಡ್ಬೇಕು, ಬ್ಲೇಡ್ ಪೂರ್ತಿ ನಿಲ್ಬೇಕು, ಆಮೇಲೆ ಎತ್ಬೇಕು. ತಿರುಗೋ ಬ್ಲೇಡನ್ನ ಮೇಲೆತ್ತಿದ್ರೆ ಕೊಯ್ದು ಬಿದ್ದಿರೋ ಸಣ್ಣ ತುಂಡನ್ನ ಹಲ್ಲು ಎಳ್ಕೊಂಡು ಎಸೆಯುತ್ತೆ. ಮಾವನ ಅಂಗಡಿ ಹಿಂದಿನ ಗೋಡೆಲಿ ಅಂಥ ತುಂಡು ಬಡಿದ ಗುರುತು ಎಷ್ಟಿದೆ ಅಂತ ಎಣಿಸೋಕೆ ಹೋಗಿ ಅರ್ಧಕ್ಕೆ ಬಿಟ್ಟೆ. ಮೋಟರ್ ಬ್ರೇಕ್ ಇರೋ ಮಶೀನ್‌ಗಳು ಬೇಗ ನಿಲ್ತವೆ. ಹೊಸದು ತಗೊಳ್ಳೋರು ಅಂಗಡಿಲಿ ಇದನ್ನ ಕೇಳಿ ತಗೊಳ್ಳಿ.

ಕೆಲವು ಮಶೀನ್‌ಗಳಲ್ಲಿ ತಲೆ ಹಿಂದೆ ಮುಂದೆ ಜಾರುತ್ತೆ, ಸ್ಲೈಡಿಂಗ್ ಅಂತಾರೆ. ಅಗಲದ ಹಲಗೆಗೆ ಅದೇ ಬೇಕು. ಅದ್ರಲ್ಲಿ ತಲೆಯನ್ನ ಮೊದಲು ನಿಮ್ಮ ಕಡೆ ಎಳ್ಕೊಂಡು, ಆಮೇಲೆ ಕೆಳಗಿಳಿಸಿ, ಹಿಂದಕ್ಕೆ ತಳ್ಳುತಾ ಕೊಯ್ಬೇಕು. ಕೊಯ್ತಾ ಕೊಯ್ತಾ ನಿಮ್ಮ ಕಡೆ ಎಳ್ಕೊಂಡ್ರೆ ಬ್ಲೇಡ್ ಮರದ ಮೇಲೆ ಹತ್ತಿ ನಿಮ್ಮ ಕಡೆನೇ ನುಗ್ಗುತ್ತೆ. ಕೈಗರಗಸ ಎಳೆದು ರೂಢಿಯಾದವರು ಇದನ್ನ ಉಲ್ಟಾ ಮಾಡೋದು ಕಣ್ಣಾರೆ ನೋಡಿದೀನಿ.

ಇನ್ನು ಕೈ ಎಲ್ಲಿರಬೇಕು ಅನ್ನೋದು. ಬ್ಲೇಡಿನಿಂದ ಎರಡೂ ಕಡೆ 15 ಸೆಂಟಿಮೀಟರ್, ಅಂದ್ರೆ ಅರ್ಧ ಅಡಿ, ಕೈ ಹೋಗಬಾರದ ಜಾಗ. ಮಾವ ಆ ಗೆರೆಗೆ ಕೆಂಪು ಪೇಂಟ್ ಹೊಡ್ದಿದಾರೆ. ತುಂಡು ಸಣ್ಣದಾದಷ್ಟೂ ಕೈ ಆ ಗೆರೆ ದಾಟುತ್ತೆ. ಆಗ ಕೈ ತೆಗೆದು ಕ್ಲ್ಯಾಂಪ್ ಹಾಕಿ. ಇನ್ನೂ ಒಳ್ಳೇದು, ಸಣ್ಣ ತುಂಡು ಬೇಕಿದ್ರೆ ಉದ್ದ ಪಟ್ಟಿಯಿಂದಲೇ ಕೊಯ್ಕೊಳ್ಳಿ, ಕೈ ಉದ್ದ ಇರೋ ಕಡೆ ಇರಲಿ. ಮಾವ ಅವತ್ತು ಆ ನಾಲ್ಕಿಂಚಿಗೆ ಮೂರಡಿ ಪಟ್ಟಿ ಇಟ್ಕೊಂಡಿದ್ರೆ ಅವರ ಕೈ ಅಲ್ಲಿ ಇರ್ತಾನೇ ಇರ್ಲಿಲ್ಲ. "ಮಾಲು ವೇಸ್ಟ್ ಆಗುತ್ತೆ" ಅಂತ ಚೂರನ್ನೇ ಹಿಡಿದಿದ್ರು.

ಕೈ ಅಡ್ಡ ಹಾಕ್ಕೊಂಡು, ಅಂದ್ರೆ ಬಲಗೈಲಿ ಮಶೀನು, ಎಡಗೈ ಅದರ ಕೆಳಗಿಂದ ತೂರಿಸಿ ಬಲಗಡೆ ಮರ ಹಿಡಿಯೋದು, ಬೇಡವೇ ಬೇಡ. ಕೈಗವಸಂತೂ ಬೇಡ. ಕೇಳೋಕೆ ವಿಚಿತ್ರ ಅನಿಸುತ್ತೆ, ಸೇಫ್ಟಿ ಅಂದ್ರೆ ಗ್ಲೌಸ್ ಅಂತಲೇ ನಾವು ಅಂದ್ಕೊಂಡಿರೋದು. ಆದ್ರೆ ತಿರುಗೋ ಬ್ಲೇಡ್ ಬಟ್ಟೆನ ಹಿಡಿದ್ರೆ ಕೈನೂ ಒಳಗೆ ಎಳ್ಕೊಳ್ಳುತ್ತೆ. ಹೆಗಲ ಮೇಲಿನ ಟವೆಲ್, ಗುಂಡಿ ಹಾಕದ ತುಂಬುತೋಳಿನ ಅಂಗಿ, ಮಣಿಕಟ್ಟಿನ ದಾರ, ಹ್ಯಾಂಡ್ಸ್‌ಫ್ರೀ ವಯರು, ಎಲ್ಲಾ ಅದೇ ಲೆಕ್ಕ. ಈ ಪಾಡ್‌ಕಾಸ್ಟ್ ಕೇಳ್ತಾ ಮರ ಕೊಯ್ಯೋರು ಯಾರಾದ್ರೂ ಇದ್ರೆ, ದಯವಿಟ್ಟು ಈಗಲೇ ನಿಲ್ಲಿಸಿ, ಸಂಜೆ ಕೇಳಿ. ವ್ಯೂಸ್ ಹೋದ್ರೆ ಹೋಗ್ಲಿ.

ಚನ್ನಗಿರಿಯಿಂದ ಹೊರಟು ಮೊದಲು ಹೋಗಿದ್ದು ಹೊನ್ನಾಳಿಗೆ. ಅಲ್ಲಿ ನಾನು ಕೂತಿದ್ದು ಅಲ್ಯೂಮಿನಿಯಂ ಕಿಟಕಿ ಮಾಡೋ ಒಂದು ಸಣ್ಣ ಅಂಗಡಿಲಿ. ಇಬ್ಬರೇ ಅಣ್ಣ-ತಮ್ಮ. ಅವರ ಮಶೀನ್ ದಿನಕ್ಕೆ ನೂರಾರು ಸಲ ಇಳಿಯುತ್ತೆ. ಅಲ್ಯೂಮಿನಿಯಂ ಸೆಕ್ಷನ್ ಒಳಗೆ ಟೊಳ್ಳು, ಗೋಡೆ ತೆಳು. ಮರ ಕೊಯ್ಯೋ ದಪ್ಪ ಹಲ್ಲಿನ ಬ್ಲೇಡ್ ಹಾಕಿದ್ರೆ ಹಲ್ಲು ಗೋಡೆಗೆ ಕೊಕ್ಕೆ ಹಾಕಿದ ಹಾಗೆ ಸಿಕ್ಕಿ, ಇಡೀ ಸೆಕ್ಷನ್ ಕಿತ್ಕೊಂಡು ಹಾರುತ್ತೆ. ಅಲ್ಯೂಮಿನಿಯಂಗೆ ಅಂತಲೇ ಬರೋ ಬ್ಲೇಡ್ ಬೇರೆ, 100 ಅಥವಾ 120 ಹಲ್ಲು, ಹಲ್ಲಿನ ಮುಖ ಸ್ವಲ್ಪ ಹಿಂದಕ್ಕೆ ವಾಲಿರುತ್ತೆ. ಕ್ಲ್ಯಾಂಪ್ ಇಲ್ಲದೆ ಅವರು ಒಂದೂ ಕೊಯ್ಯಲ್ಲ. ಬ್ಲೇಡ್‌ಗೆ ಆಗಾಗ ಮೇಣ ತಾಗಿಸ್ತಾರೆ, ಮಶೀನ್ ನಿಲ್ಲಿಸಿ. ಬಿಸಿ ಚೂರು ಹಾರೋದರಿಂದ ಕಣ್ಣಿಗೆ ಕನ್ನಡಕ ಕಡ್ಡಾಯ. ತಮ್ಮ ನಗ್ತಾ ಹೇಳಿದ, "ಅಂಗಿ ಮೇಲಿನ ಗುಂಡಿ ಹಾಕ್ಕೊಳ್ಳೋದು ಕಲಿಸಿದ್ದು ನಮ್ಮಪ್ಪ ಅಲ್ಲ ಸಾರ್, ಈ ಮಶೀನು."

ಅದೇ ಅಂಗಡಿಲಿ ಇನ್ನೊಂದು ನೋಡಿದೆ. ಕಬ್ಬಿಣ ಕೊಯ್ಯೋಕೆ ಪ್ರತ್ಯೇಕವಾಗಿ 14 ಇಂಚಿನ ಚಾಪ್ ಸಾ ಇಟ್ಟಿದಾರೆ, ಅದೂ ಅಂಗಡಿ ಆಚೆ ಮೂಲೆಲಿ. ಬಹಳ ಕಡೆ ದುಡ್ಡು ಉಳಿಸೋಕೆ ಮರದ ಮೈಟರ್ ಸಾಗೇ ಕಬ್ಬಿಣದ ಡಿಸ್ಕ್ ಹಾಕ್ತಾರೆ. ಕಿಡಿ ಹಾರಿ ಪ್ಲಾಸ್ಟಿಕ್ ಗಾರ್ಡ್‌ಗೆ, ಹಿಂದಿನ ಹೊಟ್ಟಿನ ಚೀಲಕ್ಕೆ ಬೀಳುತ್ತೆ. ಒಣ ಹೊಟ್ಟು ಒಳಗೊಳಗೇ ಹೊಗೆಯಾಡ್ತಾ ಇದ್ದು ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಹತ್ಕೊಂಡ್ರೆ ನೋಡೋರು ಯಾರು? ಇದರ ಉಲ್ಟಾ ಕೆಲಸನೂ ನಡೆಯುತ್ತೆ. ಟೈಲ್ಸ್, ಕಬ್ಬಿಣಕ್ಕೆ ಇರೋ ಕೈಯಲ್ಲಿ ಹಿಡಿಯೋ 4 ಇಂಚಿನ ಗ್ರೈಂಡರ್‌ಗೆ ಗಾರ್ಡ್ ಬಿಚ್ಚಿ ಮರದ ಹಲ್ಲಿನ ಬ್ಲೇಡ್ ಹಾಕೋದು. ನಾಲ್ಕು ತಾಲ್ಲೂಕಲ್ಲೂ ನೋಡಿದೆ. ಮೈಟರ್ ಸಾ ಕಡೇಪಕ್ಷ ಟೇಬಲ್ ಮೇಲೆ ಕೂತಿರುತ್ತೆ. ಆ ಗ್ರೈಂಡರ್ ಒಂದ್ಸಲ ಒದ್ರೆ ಎತ್ತ ಹೋಗುತ್ತೆ ಅಂತ ಹೇಳೋಕಾಗಲ್ಲ. ಇದು ನಂಗೆ ಮೈಟರ್ ಸಾಗಿಂತ ಹೆಚ್ಚು ಭಯ ಹುಟ್ಟಿಸುತ್ತೆ, ಆದ್ರೆ ಅದಕ್ಕೆ ಬೇರೆ ಸಂಚಿಕೆನೇ ಬೇಕು.

ನ್ಯಾಮತಿ, ಹೊನ್ನಾಳಿಯಿಂದ ಬೇರೆಯಾಗಿ ಆದ ತಾಲ್ಲೂಕು. ಅಲ್ಲಿ ಒಬ್ರು ಅಡಿಕೆ ಮರದ ದಬ್ಬೆಯಿಂದ ಬೇಲಿ, ಅಟ್ಟ, ಹೋಟೆಲ್‌ಗಳಿಗೆ ಅಲಂಕಾರದ ಪಾರ್ಟಿಷನ್ ಮಾಡ್ತಾರೆ. ಅಡಿಕೆ ಮರ ಹೊರಗೆ ಕಲ್ಲು, ಒಳಗೆ ನಾರು. ಸೀಳಿದ ದಬ್ಬೆ ಪರವಾಗಿಲ್ಲ, ಇಡೀ ಕಾಂಡ ಕೊಯ್ಯೋದು ಕಷ್ಟ, ಯಾಕಂದ್ರೆ ಅದು ದುಂಡು. ಬ್ಲೇಡ್ ತಾಗಿದ ಕೂಡಲೇ ದುಂಡು ಮರ ಉರುಳುತ್ತೆ, ಉರುಳುವಾಗ ಹಿಡಿದಿರೋ ಕೈನ ಬ್ಲೇಡಿನ ಕಡೆಗೇ ಒಯ್ಯುತ್ತೆ. ಅವರು ಎರಡು ರೀಪರ್ ಓರೆಯಾಗಿ ಜೋಡಿಸಿ ತೊಟ್ಟಿಲ ಥರ ಒಂದು ಆಸರೆ ಮಾಡ್ಕೊಂಡಿದಾರೆ. ಕಾಂಡ ಅದರಲ್ಲಿ ಕೂರುತ್ತೆ, ಮೇಲಿಂದ ಕ್ಲ್ಯಾಂಪ್ ಒತ್ತುತ್ತೆ. ಖರ್ಚು ಎಷ್ಟು ಅಂದೆ. "ಖರ್ಚಾ? ಎರಡು ಬೋಲ್ಟು" ಅಂದ್ರು.

ಆಮೇಲೆ ಜಗಳೂರು. ಅಲ್ಲಿ ಬೇವು, ಜಾಲಿ, ಮತ್ತೆ ಹಳೇ ಮನೆ ಕೆಡವಿದ ಮರ. ಬೇವಿನ ಹೊಟ್ಟು ಬಾಯಿಗೆ ಹೋದ್ರೆ ಸಂಜೆ ತನಕ ಕಹಿ, ಚಹಾ ಕೂಡ ಕಹಿ. ನಂಗೆ ಅಲ್ಲಿ ಎರಡು ವಿಷಯ ಗೊತ್ತಾಯ್ತು. ಒಂದು, ಸೊಟ್ಟ ಮರ. ಬಾಗಿದ ಪಟ್ಟಿಯನ್ನ ಹೇಗೆ ಬೇಕೋ ಹಾಗೆ ಇಟ್ರೆ, ಕೊಯ್ತ ಅರ್ಧ ಆಗೋವಾಗ ಎರಡು ಕಡೆಯ ಮರ ಮುಚ್ಕೊಂಡು ಬ್ಲೇಡನ್ನ ಅದುಮಿ ಹಿಡಿಯುತ್ತೆ. ಉಬ್ಬಿರೋ ಕಡೆಯನ್ನ ಹಿಂದಿನ ಬೇಲಿಗೆ, ಅಂದ್ರೆ ಮಶೀನಿನ ಫೆನ್ಸ್‌ಗೆ, ತಾಗಿಸಿ ಇಡ್ಬೇಕು. ಕೊಯ್ಯೋ ಜಾಗದಲ್ಲಿ ಮರಕ್ಕೂ ಫೆನ್ಸ್‌ಗೂ ಮಧ್ಯೆ ಸಂದಿ ಇರಬಾರದು. ಆಗ ಸೀಳು ಮುಚ್ಚೋ ಬದಲು ಬಿಚ್ಕೊಳ್ಳುತ್ತೆ. ಎರಡನೇದು, ಹಳೇ ಮರದೊಳಗಿನ ಮೊಳೆ. ಐವತ್ತು ವರ್ಷ ಹಳೇ ತೊಲೆ, ತೇಗದಂಥ ಮಾಲು, ಆದ್ರೆ ಒಳಗೆ ಎಷ್ಟು ಮೊಳೆ ಮುರಿದು ಕೂತಿದೆಯೋ ಆ ತೊಲೆಗೇ ಗೊತ್ತು. ಬ್ಲೇಡಿನ ಹಲ್ಲಿನ ತುದಿಗೆ ಅಂಟಿಸಿರೋ ಕಾರ್ಬೈಡ್ ಚೂರು ಬಹಳ ಗಟ್ಟಿ, ಹಾಗಾಗಿ ಗಾಜಿನ ಥರ ಒಡೆಯುತ್ತೆ. ಆ ವೇಗದಲ್ಲಿ ಹಾರಿದ ಚೂರು ಕಣ್ಣಿಗೆ ಬಂದ್ರೆ ಮುಗೀತು. ಅಲ್ಲಿನ ಯಜಮಾನ್ರು ಹಳೇ ಸ್ಪೀಕರ್‌ನ ಅಯಸ್ಕಾಂತ ತೆಗೆದು ದಾರ ಕಟ್ಟಿ ಇಟ್ಕೊಂಡಿದಾರೆ. ಕೊಯ್ಯೋ ಮುಂಚೆ ಮರದ ಮೇಲೆ ಒಂದ್ಸಲ ಆಡಿಸ್ತಾರೆ. ಎಲ್ಲಿ ದಾರ ಜಗ್ಗುತ್ತೋ ಅಲ್ಲಿ ಚಾಕ್‌ಪೀಸಲ್ಲಿ ಗುರುತು. ಆಳಕ್ಕೆ ಹೋಗಿರೋ ಮೊಳೆ ಇದಕ್ಕೆ ಸಿಗಲ್ಲ, ಅದು ಅವರಿಗೂ ಗೊತ್ತು. ಅದಕ್ಕೇ ಕನ್ನಡಕ ಬಿಡಲ್ಲ.

ಈಗ ಕರೆಂಟ್. ಇದು ನನ್ನ ಸ್ವಂತ ಕಥೆ.

ಮಶೀನಿನ ಸ್ವಿಚ್ ಸರಿಯಾಗಿ ಒತ್ತಲ್ಲ ಅಂತ ಟ್ರಿಗರ್‌ಗೆ ಟೇಪ್ ಸುತ್ತಿ, ಗೋಡೆ ಸ್ವಿಚ್‌ನಿಂದಲೇ ಆನ್ ಆಫ್ ಮಾಡ್ತಿದ್ವಿ ಕೆಲವು ದಿನ. ಒಂದಿನ ಕೊಯ್ತ ಅರ್ಧದಲ್ಲಿರೋವಾಗ ಕರೆಂಟ್ ಹೋಯ್ತು. ನಮ್ಮ ಕಡೆ ಅದೇನು ಹೊಸದಲ್ಲ. ಬ್ಲೇಡ್ ಮರದೊಳಗೆ ಸಿಕ್ಕಿತ್ತು. ನಾನು ಎರಡೂ ಕೈಲಿ ಮರ ಹಿಡಿದು ಅಲ್ಲಾಡಿಸಿ ಬಿಡಿಸಿದೆ, ಕೆಳಗಿಟ್ಟೆ, ಬೆವರು ಒರೆಸ್ಕೊಳ್ಳೋಕೆ ಹಿಂದಕ್ಕೆ ತಿರುಗಿದೆ. ಕರೆಂಟ್ ಬಂತು. ಮಶೀನ್ ತಾನಾಗೇ ಕೂಗಿಕೊಳ್ತು. ಹತ್ತು ಸೆಕೆಂಡ್ ಮುಂಚೆ ಬಂದಿದ್ರೆ ಇವತ್ತು ಈ ಮೈಕ್ ಹಿಡಿಯೋಕೆ ಬೇರೆ ವ್ಯವಸ್ಥೆ ಮಾಡ್ಕೊಳ್ಬೇಕಿತ್ತು. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಅದಕ್ಕೇ ಕರೆಂಟ್ ಹೋದ ತಕ್ಷಣ ಮೊದಲ ಕೆಲಸ ಟ್ರಿಗರ್ ಬಿಡೋದು, ಎರಡನೇದು ಪ್ಲಗ್ ಕೀಳೋದು. ಗೋಡೆ ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ಗೇ ಕಿತ್ತು ಕಣ್ಣಿಗೆ ಕಾಣೋ ಹಾಗೆ ಟೇಬಲ್ ಮೇಲೆ ಇಡಿ. ಬ್ಲೇಡ್ ಬದಲಾಯಿಸೋವಾಗ, ಸಿಕ್ಕಿದ ಚೂರು ತೆಗೆಯೋವಾಗ, ಹೊಟ್ಟು ಊದೋವಾಗಲೂ ಅಷ್ಟೇ. ಟ್ರಿಗರ್ ಕೆಟ್ಟಿದ್ರೆ ಟೇಪ್ ಬೇಡ, ಸ್ವಿಚ್ಚೇ ಬದಲಾಯಿಸಿ.

ವಯರಿಂಗ್ ಬಗ್ಗೆನೂ ಒಂದು ಮಾತು. 1,650 ವ್ಯಾಟ್ ಮಶೀನು 230 ವೋಲ್ಟಲ್ಲಿ ಸುಮಾರು 7 ಆಂಪಿಯರ್ ಎಳೆಯುತ್ತೆ, ಶುರುವಾಗೋ ಕ್ಷಣದಲ್ಲಿ ಇನ್ನೂ ಜಾಸ್ತಿ. ಮೊಬೈಲ್ ಚಾರ್ಜರ್ ಹಾಕೋ 6 ಆಂಪಿಯರ್ ಸಾಕೆಟ್ ಇದಕ್ಕಲ್ಲ, 16 ಆಂಪಿಯರ್‌ದೇ ಬೇಕು. ಕಟ್ಟಡದ ಜಾಗದಲ್ಲಿ ತೆಳ್ಳನೆ ಎಕ್ಸ್‌ಟೆನ್ಷನ್ ವಯರು ಸುರುಳಿ ಸುತ್ತಿದ ಹಾಗೇ ಬಿಟ್ಟು ಕೆಲಸ ಮಾಡ್ತಾರೆ, ಒಳಗೆ ಬಿಸಿ ಕೂತು ವಯರ್ ಕರಗುತ್ತೆ. ಪೂರ್ತಿ ಬಿಚ್ಚಿ ಹಾಕಿ, ಉದ್ದ ಜಾಸ್ತಿ ಇದ್ರೆ ದಪ್ಪ ವಯರ್ ತಗೊಳ್ಳಿ. ವೋಲ್ಟೇಜ್ ಬಿದ್ದಾಗ ಬ್ಲೇಡ್ ಮರದಲ್ಲಿ ಏದುಸಿರು ಬಿಡ್ತಿರೋದು ಸದ್ದಲ್ಲೇ ಗೊತ್ತಾಗುತ್ತೆ. ಆಗ ಒತ್ತಬೇಡಿ, ಬಿಟ್ಟು ಚಹಾ ಕುಡೀರಿ.

ಮೇಂಟೆನೆನ್ಸ್ ಅಂದ್ರೆ ಬೇಜಾರಿನ ವಿಷಯ ಅಂತ ಗೊತ್ತು. ಆದ್ರೆ ನಮ್ಮಂಗಡಿಲಿ ಗಾರ್ಡ್‌ಗೆ ತಂತಿ ಕಟ್ಟಿದ್ದು ಯಾಕೆ? ಹೊಟ್ಟು ತುಂಬಿ ಅದು ಇಳೀತಿರ್ಲಿಲ್ಲ ಅಂತ. ಒಂದು ಹಳೇ ಬ್ರಷ್ ತಗೊಂಡು ಐದು ನಿಮಿಷ ಉಜ್ಜಿದ್ರೆ ಮುಗೀತಿತ್ತು. ಈಗ ದಿನಾ ಸಂಜೆ ಆ ಕೆಲಸ ನಡೆಯುತ್ತೆ. ಪ್ಲಗ್ ಕಿತ್ತು, ಗಾರ್ಡ್ ಕೈಲಿ ಎತ್ತಿ ಬಿಟ್ಟು, ತಾನಾಗೇ ಸಲೀಸಾಗಿ ಇಳಿಯುತ್ತಾ ಅಂತ ನೋಡ್ತಾರೆ. ಮೋಟರಿನ ಗಾಳಿ ಸಂದಿಯ ಹೊಟ್ಟನ್ನ ಬ್ಲೋವರ್‌ನಿಂದ ಊದ್ತಾರೆ. ಜಗಳೂರಿನ ಕೆಂಪು ಧೂಳಿಗಂತೂ ಇದು ದಿನಕ್ಕೆರಡು ಸಲ ಬೇಕು. ಜಾರೋ ಸರಳಿಗೆ ಗ್ರೀಸ್ ಹಚ್ಚಬೇಡಿ, ಗ್ರೀಸ್‌ಗೆ ಹೊಟ್ಟು ಅಂಟಿ ಉಪ್ಪು ಕಾಗದ ಥರ ಆಗುತ್ತೆ. ಒಣ ಬಟ್ಟೆಲಿ ಒರೆಸಿ, ಸ್ವಲ್ಪ ಮೇಣ ಸವರಿ ಸಾಕು.

ಬ್ಲೇಡ್ ಮೊಂಡಾದ್ರೆ ಹೇಗೆ ಗೊತ್ತಾಗುತ್ತೆ ಅಂತ ಒಬ್ಬ ಕೇಳುಗ ವಾಯ್ಸ್ ಮೆಸೇಜ್ ಕಳ್ಸಿದ್ರು. ಕೊಯ್ದ ಜಾಗ ಕಪ್ಪಾಗುತ್ತೆ, ಸುಟ್ಟ ವಾಸನೆ ಬರುತ್ತೆ, ಅಂಚು ಚಕ್ಕೆ ಏಳುತ್ತೆ, ನಿಮ್ಮ ಭುಜ ನೋಯುತ್ತೆ. ಮೊಂಡ ಬ್ಲೇಡನ್ನೇ ಮನುಷ್ಯ ಜೋರಾಗಿ ಒತ್ತೋದು, ಒತ್ತಿದಾಗಲೇ ಅದು ಜಾರೋದು. ಆದ್ರೆ ಮೊಂಡಾಗಿದೆ ಅಂತ ಎಸೆಯೋ ಮುಂಚೆ ತೊಳೆದು ನೋಡಿ. ಹಲ್ಲಿನ ಪಕ್ಕ ಮರದ ಅಂಟು ಕಟ್ಟಿದ್ರೂ ಹಾಗೇ ಆಗುತ್ತೆ. ಬಿಸಿ ನೀರಿಗೆ ಸೋಪಿನ ಪುಡಿ ಹಾಕಿ ಸ್ವಲ್ಪ ಹೊತ್ತು ನೆನೆಸಿ, ಹಳೇ ಹಲ್ಲುಜ್ಜೋ ಬ್ರಷಲ್ಲಿ ಉಜ್ಜಿ, ಪೂರ್ತಿ ಒಣಗಿಸಿ. ಉಳಿಯಲ್ಲಿ ಕೆರೀಬೇಡಿ, ಪೆಟ್ರೋಲಲ್ಲಿ ನೆನೆಸಬೇಡಿ. ಒಂದು ಹಲ್ಲು ಮುರಿದಿದ್ರೂ, ಸಣ್ಣ ಬಿರುಕು ಕಂಡ್ರೂ, ಆ ಬ್ಲೇಡ್ ಗುಜರಿಗೆ.

ಹೊಸ ಬ್ಲೇಡ್ ತಗೊಳ್ಳೋವಾಗ ಮೇಲೆ ಬರೆದಿರೋ ಗರಿಷ್ಠ ಆರ್‌ಪಿಎಂ ಓದಿ. ಅದು ನಿಮ್ಮ ಮಶೀನಿನ ಆರ್‌ಪಿಎಂಗಿಂತ ಜಾಸ್ತಿ ಇರ್ಬೇಕು. ನಡುವಿನ ತೂತು ಕೆಲವಕ್ಕೆ 25.4 ಎಂಎಂ, ಕೆಲವಕ್ಕೆ 30. ಸಡಿಲ ಕೂತ್ರೆ ಬ್ಲೇಡ್ ನಡುಗುತ್ತೆ. ಬ್ಲೇಡ್ ಮೇಲಿನ ಬಾಣದ ಗುರುತು, ಗಾರ್ಡ್ ಮೇಲಿನ ಬಾಣ, ಎರಡೂ ಒಂದೇ ದಿಕ್ಕಿಗಿರಬೇಕು. ಹಿಡಿಯೋ ಬೋಲ್ಟ್ ಹೆಚ್ಚಿನ ಮಶೀನ್‌ಗಳಲ್ಲಿ ಉಲ್ಟಾ ಥ್ರೆಡ್ಡು, ಗಡಿಯಾರದ ಮುಳ್ಳು ಹೋಗೋ ಕಡೆ ತಿರುಗಿಸಿದ್ರೆ ಸಡಿಲ ಆಗುತ್ತೆ. ಗೊತ್ತಿಲ್ಲದೆ ಇನ್ನೊಂದು ಕಡೆ ಜಗ್ಗಿ ಬೋಲ್ಟಿನ ತಲೆ ಸವೆಸಿದ ಖ್ಯಾತಿ ನನ್ನದೇ. ಮೋಟರಿಂದ ಕಿಡಿ ಜಾಸ್ತಿ ಬರ್ತಿದ್ರೆ ಕಾರ್ಬನ್ ಬ್ರಷ್ ನೋಡಿ. ಸವೆದಿದ್ರೆ ಒಂದನ್ನಲ್ಲ, ಜೋಡಿಯನ್ನೇ ಬದಲಾಯಿಸ್ಬೇಕು. ನೂರು, ಇನ್ನೂರು ರೂಪಾಯಿ ಮಾತು.

ಕೋನ ಸರಿಯಿದೆಯಾ ಅಂತ ನೋಡೋ ಉಪಾಯ ಮಾವ ಹೇಳಿಕೊಟ್ಟಿದ್ದು, ನಂಗೆ ಬಹಳ ಇಷ್ಟ. ಎರಡೂ ಅಂಚು ನೇರ ಇರೋ ಒಂದು ಹಲಗೆ ತಗೊಂಡು 90 ಡಿಗ್ರಿಗೆ ಕೊಯ್ಯಿರಿ. ಒಂದು ತುಂಡನ್ನ ಮಗುಚಿ ಹಾಕಿ, ಕೊಯ್ದ ಮುಖ ಎರಡನ್ನೂ ಜೋಡಿಸಿ. ಸಂದಿ ಕಾಣದಿದ್ರೆ ಸರಿ. ಕಂಡ್ರೆ, ಎಷ್ಟು ತಪ್ಪಿದೆಯೋ ಅದರ ಎರಡರಷ್ಟು ಕಾಣುತ್ತೆ. ಫ್ರೇಮಿಗೆ ಎಂಟು ಕೊಯ್ತ. ಒಂದೊಂದರಲ್ಲಿ ಅರ್ಧ ಡಿಗ್ರಿ ತಪ್ಪಿದ್ರೆ ಕೊನೇ ಮೂಲೆಲಿ ನಾಲ್ಕು ಡಿಗ್ರಿ ಬಾಯಿ ಬಿಟ್ಕೊಂಡು ನಿಲ್ಲುತ್ತೆ. ಆಗ ಏನ್ಮಾಡ್ತಾರೆ? "ಒಂಚೂರು ಕೆರೆಸೋಣ" ಅಂತ ಸಣ್ಣ ತುಂಡನ್ನ ಕೈಲಿ ಹಿಡಿದು ಮತ್ತೆ ಬ್ಲೇಡಿಗೆ ಕೊಡ್ತಾರೆ. ಅಲ್ಲಿಗೆ ನಾವು ಮತ್ತೆ ಮಾವನ ಬೆರಳಿಗೇ ಬಂದ್ವಿ.

ಹೊಟ್ಟಿನ ಬಗ್ಗೆ ಬೇಗ ಹೇಳಿಬಿಡ್ತೀನಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 1995ರಲ್ಲೇ ಮರದ ಧೂಳನ್ನ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮುಖ್ಯವಾಗಿ ಮೂಗಿನ ಕ್ಯಾನ್ಸರ್. ಮೂಗಿಗೆ ಕರ್ಚೀಫ್ ಕಟ್ಟಿದ್ರೆ ಸಣ್ಣ ಧೂಳು ನಿಲ್ಲಲ್ಲ, ಎನ್95 ಹಾಕಿ. ಕೊರೋನಾ ಟೈಮಿಂದು ಮನೇಲಿ ಇನ್ನೂ ಉಳಿದಿರುತ್ತೆ. ಕಿವಿಗೆ ಇಯರ್‌ಪ್ಲಗ್. ಮಾವನಿಗೆ ಈಗ ಟಿವಿ ವಾಲ್ಯೂಮ್ ಎಷ್ಟಿಟ್ರೂ ಸಾಲಲ್ಲ.

ಬೆರಳು ಹೋದ್ರೆ ಏನ್ಮಾಡ್ಬೇಕು? ನಮಗೆ ಅವತ್ತು ಗೊತ್ತಿರ್ಲಿಲ್ಲ. ಯಾರೋ ಗಾಯಕ್ಕೆ ಕಾಫಿಪುಡಿ ತುಂಬಿದ್ರು. ಬೆರಳಿನ ತುದಿಯನ್ನ ಯಾರೋ ಸ್ಟೀಲ್ ಲೋಟದಲ್ಲಿ ಐಸ್ ನೀರಿಗೆ ಹಾಕಿದ್ರು. ಎರಡೂ ತಪ್ಪು. ಕಾಫಿಪುಡಿ, ಅರಿಶಿನ ಹಾಕಿದ್ರೆ ಡಾಕ್ಟರು ಅದನ್ನ ತೊಳೆಯೋದ್ರಲ್ಲೇ ಹೊತ್ತು ಹೋಗುತ್ತೆ. ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡೀರಿ, ಕೈ ಎದೆಗಿಂತ ಮೇಲಿರಲಿ, ಒತ್ತಿದ್ದನ್ನ ಪದೇ ಪದೇ ತೆಗೆದು ನೋಡ್ಬೇಡಿ. ತುಂಡಾದ ಭಾಗವನ್ನ ಸ್ವಲ್ಪ ತೇವ ಮಾಡಿದ ಶುದ್ಧ ಬಟ್ಟೆಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಆ ಚೀಲವನ್ನ ಐಸ್ ಇರೋ ಇನ್ನೊಂದು ಚೀಲದೊಳಗೆ ಇಡಿ. ಐಸ್ ನೇರವಾಗಿ ತಾಗಬಾರದು, ನೀರಲ್ಲಿ ಮುಳುಗಬಾರದು. 108ಕ್ಕೆ ಫೋನ್ ಮಾಡಿ, ಬೆರಳು ಜೋಡಿಸೋ ಸರ್ಜನ್ ಎಲ್ಲಿದಾರೆ ಅಂತ ದಾರಿಲೇ ವಿಚಾರಿಸಿ. ಈ ನಾಲ್ಕು ಊರಿಂದಲೂ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗ್ಬೇಕು, ಆ ದಾರಿಯ ಹೊತ್ತೇ ನಮ್ಮ ಹತ್ರ ಇರೋದು. ಮಾವನಿಗೆ ಜೋಡಿಸೋಕಾಗ್ಲಿಲ್ಲ.

ಆ ತಿಂಗಳ ಲೆಕ್ಕ ನಾನೇ ಬರೆದಿದ್ದೆ. ನಲವತ್ತು ದಿನ ಮಾವ ಮಶೀನ್ ಮುಟ್ಟಲಿಲ್ಲ. ಎರಡು ಮನೆ ಕೆಲಸ ಬೇರೆಯವರಿಗೆ ಹೋಯ್ತು. ಆಸ್ಪತ್ರೆ ಬಿಲ್ಲು, ಕಾರು ಬಾಡಿಗೆ. ಎಡಗಡೆ ಕಾಲಂ ತುಂಬಿತು, ಬಲಗಡೆ ಖಾಲಿ. ಅದರ ಹಿಂದಿನ ತಿಂಗಳ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಒಂದು ಸಾಲಿತ್ತು: 'ಬ್ಲೇಡ್, ಗಾರ್ಡ್ ರಿಪೇರಿ, ಮುಂದಿನ ತಿಂಗಳು ನೋಡೋಣ'.

ದುಡ್ಡಿನ ವಿಷಯ ಬಂತು ಅಂತ ಎರಡು ಮಾಹಿತಿ. ಕಟ್ಟಡ ಕೆಲಸ ಮಾಡೋ ಬಡಗಿಗಳು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಲಿ ನೋಂದಣಿ ಮಾಡಿಸ್ಬಹುದು. ವಯಸ್ಸು 18ರಿಂದ 60ರೊಳಗಿರಬೇಕು, ಹಿಂದಿನ ವರ್ಷ 90 ದಿನ ಕೆಲಸ ಮಾಡಿರ್ಬೇಕು. ಅಪಘಾತದ ನೆರವು ನೋಂದಣಿ ಆದವರಿಗೆ, ಆದ್ದರಿಂದ ಕಾರ್ಡ್ ಈಗಲೇ ಮಾಡಿಸಿ. ಮಾವನ ಹತ್ರ ಇರ್ಲಿಲ್ಲ. ಇನ್ನೊಂದು, 2023ರ ಸೆಪ್ಟೆಂಬರ್ 17ಕ್ಕೆ ಶುರುವಾದ ಪಿಎಂ ವಿಶ್ವಕರ್ಮ ಯೋಜನೆ. 18 ಕಸುಬುಗಳಲ್ಲಿ ಬಡಗಿ ಕೆಲಸನೂ ಇದೆ. ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿವರೆಗೆ ವೋಚರ್. ತರಬೇತಿಗೆ ಹೋದ್ರೆ ಬರೀ ಕೊಯ್ಯೋದು ತೋರಿಸಿದ್ರೆ ಬಿಡಬೇಡಿ, ಬ್ಲೇಡ್ ಬಿಚ್ಚಿ ಹಾಕೋದು, ಗಾರ್ಡ್ ಬಿಚ್ಚಿ ತೊಳೆಯೋದು ತೋರಿಸಿ ಅಂತ ಕೇಳಿ.

ಮಾವ ಈಗ ಮತ್ತೆ ಕೆಲಸ ಮಾಡ್ತಿದಾರೆ. ಅಂಗಡಿಗೆ ಹತ್ತೊಂಬತ್ತರ ಹುಡುಗ ಒಬ್ಬ ಹೊಸದಾಗಿ ಸೇರಿದಾನೆ. ಹೋದ ವಾರ ರೆಕಾರ್ಡಿಂಗ್‌ಗೆ ಹೋದಾಗ ಅವನು ಒಂದು ಪಟ್ಟಿ ಕೊಯ್ದ, ಸ್ವಿಚ್ ಬಿಟ್ಟ, ತಲೆ ಕೆಳಗೇ ಇಟ್ಕೊಂಡು ನಿಂತ. ಮಾವ ಪಕ್ಕದಲ್ಲಿ ನಿಂತು ಜೋರಾಗಿ ಎಣಿಸ್ತಿದ್ರು, ಒಂದು, ಎರಡು, ಮೂರು... ನೀವು ಶುರುವಿನಲ್ಲಿ ಕೇಳಿದ ಸದ್ದು ಅದೇ. ಎಣಿಸೋ ದನಿ ಬೇಡ ಅಂತ ಮಾವ ಹೇಳಿದ್ರು, ಎಡಿಟ್ ಮಾಡಿ ತೆಗೆದೆ.

ಮುಂದಿನ ಸಂಚಿಕೆ ಆ 4 ಇಂಚಿನ ಗ್ರೈಂಡರ್ ಬಗ್ಗೆ. ನಿಮ್ಮ ಅಂಗಡಿಲಿ ಗಾರ್ಡ್ ಬಿಚ್ಚಿಟ್ಟಿದ್ರೆ ಯಾಕೆ ಬಿಚ್ಚಿದ್ರಿ ಅಂತ ವಾಯ್ಸ್ ಮೆಸೇಜ್ ಕಳ್ಸಿ, ಹೆಸರು ಹೇಳೋದು ಬೇಡ. ಬರ್ತೀನಿ, ನಮಸ್ಕಾರ.